ಜಿಪ್ಸಿ ಕಿಂಗ್ 1999: ಎಳೆತದಲ್ಲಿ ಮಾತ್ರ ಬರುವ ಸಪ್ಪಳ, ಹೌಸಿಂಗ್ ಬಿಚ್ಚಿದರೂ ಹೋಗಿಲ್ಲ

ಟಿಕೋಟಾ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗಾಡಿ ಮಾರುತಿ ಜಿಪ್ಸಿ ಕಿಂಗ್. 1999ರ ಮಾಡೆಲ್, 1.3 ಲೀಟರ್ ಕಾರ್ಬ್ಯುರೇಟರ್ ಎಂಜಿನ್, ಸಾಫ್ಟ್ ಟಾಪ್, ಕೆಎ 28 ಪಾಸಿಂಗ್. ನಮ್ಮದು ಟಿಕೋಟಾ ಹತ್ತಿರ ದ್ರಾಕ್ಷಿ ತೋಟ. ಅಪ್ಪಾಜಿ ತೋಟಕ್ಕೆಂದೇ ತಂದ ಗಾಡಿ ಇದು. ಔಷಧಿ ಡ್ರಮ್, ಪಂಪು, ಆಳು, ಒಣದ್ರಾಕ್ಷಿ ಬಾಕ್ಸು, ಎಲ್ಲ ಇದರಲ್ಲೇ. ಮಳೆಗಾಲದಲ್ಲಿ ನಮ್ಮ ಎರೆ ಹೊಲದ ದಾರಿಗೆ ಬೇರೆ ಗಾಡಿ ಇಳಿದರೆ ಹಿಂದೆಯೇ ಟ್ರ್ಯಾಕ್ಟರ್ ಕಳಿಸಬೇಕು. ಹಾಗಾಗಿ ಮಾರಿಬಿಡಿ ಎನ್ನುವ ಸಲಹೆ ದಯವಿಟ್ಟು ಬೇಡ. ಅದನ್ನು ಮನೆಯಲ್ಲಿ ದಿನಾ ಕೇಳುತ್ತೇನೆ.

ಈಗ ಸಪ್ಪಳದ ವಿಷಯ. ಗಾಡಿ 45 ದಾಟಿದ ಮೇಲೆ ಕೆಳಗಿನಿಂದ ಗುಂಯ್ ಎಂದು ಶುರುವಾಗುತ್ತದೆ. 50ರ ಹೊತ್ತಿಗೆ ಜೋರು, ಅದರ ಜೊತೆ ಒಂದು ಗರಗರ. 60 ದಾಟಿದರೆ ತಾನೇ ಇಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಇದೆಲ್ಲ. ಕಾಲು ತೆಗೆದರೆ ತಕ್ಷಣ ಬಂದ್. ಮತ್ತೆ ಒತ್ತಿದರೆ ಮೊದಲು ಒಂದು "ಧಡ್", ಆಮೇಲೆ ಮತ್ತೆ ಅದೇ ರಾಗ. ಕೊಲ್ಹಾರದ ಉದ್ದ ಸೇತುವೆ ಮೇಲೆ ಕಿಟಕಿ ತೆಗೆದು ಹೋದರೆ ಸಪ್ಪಳ ಕಟ್ಟೆಗೆ ಬಡಿದು ವಾಪಸ್ ಬರುತ್ತದೆ. ಮನೆಯಾಕೆ ಬಾಗಲಕೋಟೆಗೆ ತವರಿಗೆ ಹೋಗುವಾಗ ಅಲ್ಲೇ ಕೇಳಿದಳು, "ಇದು ಗಾಡಿನೋ ಹಿಟ್ಟಿನ ಗಿರಣಿನೋ?" ಅಂತ.

ಗ್ಯಾರೇಜಿನ ಕಥೆ ಚಿಕ್ಕದು. ಒಬ್ಬ ಮಿಸ್ತ್ರಿಗೆ ತೋರಿಸಿದೆ. ಒಂದು ರೌಂಡ್ ಹೊಡೆದು ಬಂದು, "ಎಳಿಯುವಾಗ ಬರ್ತೈತಿ ಅಂದ್ರ ಹೌಸಿಂಗ್ ಹೋತು ಅಂತ ತಿಳೀರಿ ಸಾಹೇಬ್ರ" ಎಂದ. ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಗೂಡು) ಬಿಚ್ಚಿ ಪಿನಿಯನ್ ಬೇರಿಂಗ್ ಎರಡೂ ಹೊಸದು ಹಾಕಿದ, ಸೀಲ್ ಹಾಕಿದ, ಗೇರ್ ಆಯಿಲ್ ಹೊಸದು. ಸಪ್ಪಳ ಇದ್ದ ಹಾಗೇ ಇದೆ. ಈಗ ಅದರೊಳಗಿನ ದೊಡ್ಡ ಹಲ್ಲಿನ ಜೋಡಿ, ಕ್ರೌನ್ ಪಿನಿಯನ್ ಸೆಟ್ಟೇ ಬದಲಿಸಬೇಕು ಅನ್ನುತ್ತಾನೆ. ನಾನು ದುಡ್ಡು ಕೊಟ್ಟು, ಗಾಡಿ ತೆಗೆದುಕೊಂಡು ಬಂದೆ.

ನಾನೇ ನೋಡಿದ್ದು ಇಷ್ಟು. ಅದೇ 50ರಲ್ಲಿ ಮೂರನೇ ಗೇರ್, ನಾಲ್ಕನೇ ಗೇರ್, ಐದನೇ ಗೇರ್ ಹಾಕಿ ನೋಡಿದೆ. ಎಂಜಿನ್ ಸದ್ದು ಬದಲಾಗುತ್ತದೆ, ಆದರೆ ಈ ಗುಂಯ್ ಮಾತ್ರ ಎಲ್ಲ ಗೇರಿನಲ್ಲೂ 50ಕ್ಕೇ ಬರುತ್ತದೆ. ನ್ಯೂಟ್ರಲ್ ಮಾಡಿ ಬಿಟ್ಟರೆ ಇಲ್ಲ. ನಿಂತಲ್ಲೇ ಎಂಜಿನ್ ರೇಸ್ ಮಾಡಿದರೂ ಇಲ್ಲ. ಮುಂದಿನ ಹಬ್ (ಮುಂದಿನ ಚಕ್ರವನ್ನು ಎಳೆತಕ್ಕೆ ಜೋಡಿಸುವ, ಬಿಡಿಸುವ ಕೊಂಡಿ) ಕೈಯಿಂದ ತಿರುಗಿಸುವ ಥರದ್ದು, ಫ್ರೀಯಲ್ಲೇ ಇದೆ. ಇನ್ನೊಂದು ಸಣ್ಣ ವಿಷಯ: ಸಪ್ಪಳ ಬರುವಾಗ ಫೋರ್ ವೀಲಿನ ಸಣ್ಣ ಲಿವರ್ ನಡುಗುತ್ತದೆ. ಗೇರ್ ಲಿವರ್ ಅಷ್ಟು ನಡುಗುವುದಿಲ್ಲ. ಹಳೇ ಗಾಡಿ, ಏನಾದರೊಂದು ನಡುಗುತ್ತಲೇ ಇರುತ್ತದೆ ಅನ್ನಿ.

ಕ್ರೌನ್ ಪಿನಿಯನ್‌ಗೆ ದುಡ್ಡು ಸುರಿಯುವ ಮೊದಲು ಯಾರಾದರೂ ದಾರಿ ತೋರಿಸಿ.

ಬಾಗಲಕೋಟೆ ಬೊಲೆರೊ:

ಅಣ್ಣಾರೆ, ಮೊದಲು ಟೈರ್ ನೋಡಿ. ನನ್ನ ಗಾಡಿಯಲ್ಲಿ ಹೀಗೇ ಗುಂಯ್ ಬಂದು ಬೇರಿಂಗ್ ಬೇರಿಂಗ್ ಎಂದು ಎಲ್ಲರೂ ಕುಣಿದರು. ಕೊನೆಗೆ ನೋಡಿದರೆ ಹಿಂದಿನ ಟೈರಿನ ಬ್ಲಾಕ್‌ಗಳು ಒಂದು ಬದಿಗೆ ಗರಗಸದ ಹಲ್ಲಿನ ಥರ ಸವೆದಿದ್ದವು. ಅಂಗೈ ಇಟ್ಟು ಟೈರ್ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಚುಚ್ಚಿದರೆ ಅದೇ.

ಇನ್ನೊಂದು, ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಾಡಿಸಿ ಓಡಿಸಿ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸಪ್ಪಳ ಏರಿದರೆ ಬಲಗಡೆ ವೀಲ್ ಬೇರಿಂಗ್.

ಇಂಡಿ ಎರೆಹೊಲ:

ನೀವು ಎರೆ ಹೊಲ ಅಂದಿರಿ. ಚಕ್ರದ ಡಿಸ್ಕಿನ ಒಳಮೈ ತೊಳೆದಿದ್ದೀರಾ? ಹೊರಗಿನಿಂದ ಗಾಡಿ ಮದುಮಗನ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ಎರಡು ಕೆ.ಜಿ. ಮಣ್ಣು ಒಣಗಿ ಕೂತಿರುತ್ತದೆ. ಎಳೆತವನ್ನು ಚಕ್ರದ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೂ ಹತ್ತುತ್ತದೆ. ಶಾಫ್ಟಿನ ಒಂದೇ ಬದಿಗೆ ಒಂದು ಮುಷ್ಟಿ ಎರೆ ಮಣ್ಣು ಒಣಗಿದರೂ ಸಾಕು, 50ರ ಮೇಲೆ ಇಡೀ ಗಾಡಿ ನಡುಗುತ್ತದೆ. ಮೊದಲು ವಾಟರ್ ಸರ್ವಿಸ್, ಆಮೇಲೆ ಮಿಸ್ತ್ರಿ.

ಟಿಕೋಟಾ ಜಿಪ್ಸಿ:

ಇಬ್ಬರಿಗೂ ಥ್ಯಾಂಕ್ಸ್. ಟೈರ್ ಸವರಿ ನೋಡಿದೆ, ಸಮನಾಗಿವೆ. ಮುಂದಿನವು ಹಿಂದೆ, ಹಿಂದಿನವು ಮುಂದೆ ಹಾಕಿಯೂ ನೋಡಿದೆ, ರಾಗ ಬದಲಾಗಲಿಲ್ಲ. ಡಾಂಬರು, ಸಿಮೆಂಟ್ ರಸ್ತೆ, ಎರಡರಲ್ಲೂ ಒಂದೇ. ಟೈರಾಗಿದ್ದರೆ ರಸ್ತೆ ಬದಲಾದಾಗ ಸ್ವಲ್ಪವಾದರೂ ಬದಲಾಗಬೇಕಿತ್ತು ಅಲ್ವಾ? ತೂಗಾಡಿಸಿದಾಗಲೂ ವ್ಯತ್ಯಾಸ ಇಲ್ಲ. ಇಂಡಿಯವರೇ, ಮಣ್ಣು ತೊಳೆಸಿದ್ದೇನೆ, ರ‍್ಯಾಂಪ್ ಮೇಲೆ ನಿಲ್ಲಿಸಿ ಕೆಳಗಿನಿಂದ. ಮಣ್ಣು ಮಾತ್ರ ನೀವು ಹೇಳಿದ್ದಕ್ಕಿಂತ ಜಾಸ್ತಿಯೇ ಬಂತು. ಸಪ್ಪಳಕ್ಕೆ ಏನೂ ಆಗಲಿಲ್ಲ.

ಖಾನಾಪುರ ಘಾಟ್:

ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಸರ್. ಎಳೆತದಲ್ಲಿ ಬಂದು, ಬಿಟ್ಟಾಗ ನಿಂತರೆ ಕ್ರೌನ್ ಪಿನಿಯನ್ನೇ. ಎಳೆಯುವಾಗ ಹಲ್ಲಿನ ಒಂದು ಮೈ ಕೆಲಸ ಮಾಡುತ್ತದೆ, ಬಿಟ್ಟಾಗ ಇನ್ನೊಂದು ಮೈ. ಒಂದು ಮೈ ಸವೆದಿದೆ. ಬೇರಿಂಗ್ ಹೊಸದು ಹಾಕಿ ಹಳೇ ಹಲ್ಲು ಬಿಟ್ಟರೆ ಸಪ್ಪಳ ಎಲ್ಲಿ ಹೋಗುತ್ತದೆ? ನಿಮ್ಮ ಮಿಸ್ತ್ರಿ ಸರಿಯಾಗೇ ಹೇಳಿದ್ದಾನೆ.

ಉದ್ಯಮಬಾಗ ಲೇಥ್:

ಬೆಳಗಾವಿಯಿಂದ. ಮಷೀನ್ ಶಾಪ್ ನಮ್ಮದು, ಪ್ರೊಪೆಲ್ಲರ್ ಶಾಫ್ಟ್ ಕೆಲಸ ಜಾಸ್ತಿ. ಮಿಲಿಟರಿ ಹರಾಜಿನಲ್ಲಿ ಬಂದ ಜಿಪ್ಸಿಗಳು ಈ ಕಡೆ ತುಂಬಾ ಇವೆ, ಅವುಗಳ ಕೆಳಗೆ ಬಹಳ ಹೊತ್ತು ಕಳೆದಿದ್ದೇನೆ.

ಖಾನಾಪುರದವರು ಹೇಳಿದ ಹಲ್ಲಿನ ಎರಡು ಮೈ ಮಾತು ಸರಿ. ಆದರೆ ಎಳೆತದಲ್ಲಿ ಬದಲಾಗುವುದು ಹಲ್ಲೊಂದೇ ಅಲ್ಲ. ಎಳೆತ ಬಿದ್ದಾಗ ಎಂಜಿನ್ ವಾಲುತ್ತದೆ, ಹಿಂದಿನ ಆಕ್ಸಲ್ ಮೂಗು ಎತ್ತುತ್ತದೆ, ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ತಿರುಚುತ್ತದೆ. ಯಾವುದರ ರಬ್ಬರ್ ಹೋಗಿದ್ದರೂ ಸಪ್ಪಳ ಎಳೆತದಲ್ಲೇ ಬರುತ್ತದೆ. ಮತ್ತೆ, ಕ್ರೌನ್ ಪಿನಿಯನ್ ಹಲ್ಲು ಸವೆದರೆ ಬರುವುದು ಸಣ್ಣ ದನಿಯ ಕೂಗು. ಇವರು ಹೇಳುತ್ತಿರುವುದು ದಪ್ಪ ದನಿ, ಲಿವರ್ ನಡುಗಿಸುವಂಥದ್ದು. ಹಲ್ಲಿಗೆ ನೀಲಿ ಹಚ್ಚಿ ಒಮ್ಮೆ ತಿರುಗಿಸಿದ್ದರೆ ಎಲ್ಲಿ ಕಚ್ಚುತ್ತಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಹೌಸಿಂಗ್ ಬಿಚ್ಚಿದವರು ಅದನ್ನು ಮಾಡಿದ್ದರಾ? ಮಾಡಿರಲಿಕ್ಕಿಲ್ಲ.

ಟಿಕೋಟಾದವರೇ, ನೀವು ಸಣ್ಣ ವಿಷಯ ಎಂದು ಬರೆದದ್ದೇ ನನಗೆ ದೊಡ್ಡದಾಗಿ ಕಂಡಿತು. ಆ ಸಣ್ಣ ಲಿವರ್ ಟ್ರಾನ್ಸ್‌ಫರ್ ಕೇಸಿನ ನೆತ್ತಿಯ ಮೇಲೇ ಕೂತಿದೆ. ಗೇರ್ ಲಿವರ್ ಸುಮ್ಮನಿದ್ದು ಅದು ನಡುಗುತ್ತದೆ ಎಂದರೆ ನಡುಗುತ್ತಿರುವುದು ಕೇಸು.

ಜಿಪ್ಸಿಯ ರಚನೆ ಬೇರೆ ಗಾಡಿಗಳ ಥರ ಅಲ್ಲ. ಇದರಲ್ಲಿ ಗೇರ್‌ಬಾಕ್ಸ್ ಬೇರೆ, ಟ್ರಾನ್ಸ್‌ಫರ್ ಕೇಸ್ ಬೇರೆ. ಎರಡರ ನಡುವೆ ಮೊಳಕ್ಕಿಂತ ಗಿಡ್ಡದಾದ ಒಂದು ಶಾಫ್ಟ್ ಇದೆ. ಒಟ್ಟು ಮೂರು ಶಾಫ್ಟ್: ಈ ಗಿಡ್ಡ, ಹಿಂದಿನ ಉದ್ದ, ಮುಂದಿನದು. ಕೇಸು ಚಾಸಿಗೆ ಮೂರು ರಬ್ಬರ್ ಮೌಂಟಿಂಗ್ ಮೇಲೆ ತೂಗಿದೆ. ಹಿಂದಿನ ಶಾಫ್ಟ್ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಅಲುಗಿಸಿ ನೋಡುತ್ತಾರೆ. ಗಿಡ್ಡ ಶಾಫ್ಟ್ ಚಾಸಿಯ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಮೇಲೆ ಅಡಗಿ ಕೂತಿದೆ. ಅದಕ್ಕೆ ಗ್ರೀಸ್ ಗನ್ನೂ ಸರಿಯಾಗಿ ಹೋಗುವುದಿಲ್ಲ, ಮಿಸ್ತ್ರಿಯ ಕಣ್ಣೂ ಹೋಗುವುದಿಲ್ಲ.

ಈಗ ಬಿಚ್ಚದೆಯೇ ಹಿಡಿಯುವ ಒಂದು ದಾರಿ ಹೇಳುತ್ತೇನೆ. ಜಿಪ್ಸಿ ಕಿಂಗಿನ ಟ್ರಾನ್ಸ್‌ಫರ್ ಕೇಸ್ ಹೈನಲ್ಲೂ (ದಿನದ ಓಡಾಟದ ರೇಂಜ್) ನೇರ ಅಲ್ಲ, 1.409 ಇದೆ. ಅಂದರೆ ಹಿಂದಿನ ಶಾಫ್ಟ್ ಒಂದು ಸುತ್ತು ಸುತ್ತಲು ಗಿಡ್ಡ ಶಾಫ್ಟ್ 1.409 ಸುತ್ತು ಸುತ್ತಬೇಕು. ಲೋನಲ್ಲಿ (ನಿಧಾನ, ಹೆಚ್ಚು ಎಳೆತದ ರೇಂಜ್) ಅದು 2.268. ನಿಮ್ಮ ಗಾಡಿ 50ರಲ್ಲಿ ಹೋಗುವಾಗ ಹಿಂದಿನ ಶಾಫ್ಟ್ ಸೆಕೆಂಡಿಗೆ 25 ಸುತ್ತಿನ ಆಸುಪಾಸಿನಲ್ಲಿದ್ದರೆ, ಗಿಡ್ಡ ಶಾಫ್ಟ್ 35ರ ಆಸುಪಾಸಿನಲ್ಲಿ ಇರುತ್ತದೆ.

ನಿಮ್ಮ ಹಬ್ ಕೈಯಿಂದ ಫ್ರೀ ಮಾಡುವಂಥದ್ದು ಅಂದಿರಿ, ಅದೇ ಪುಣ್ಯ. ಎರಡೂ ಹಬ್ ಫ್ರೀ ಇದೆಯೇ ಎಂದು ಇನ್ನೊಮ್ಮೆ ಇಳಿದು ನೋಡಿ. ಗಾಡಿ ಪೂರ್ತಿ ನಿಲ್ಲಿಸಿ ಫೋರ್ ಲೋ ಹಾಕಿ. ಮುಂದಿನ ಚಕ್ರಕ್ಕೆ ಕೊಂಡಿಯೇ ಇಲ್ಲದ ಕಾರಣ ಡಾಂಬರ್ ಮೇಲೂ ಏನೂ ಬಿಗಿಯುವುದಿಲ್ಲ. ಖಾಲಿ ನೇರ ರಸ್ತೆಯಲ್ಲಿ, ನಾಲ್ಕನೇ ಅಥವಾ ಐದನೇ ಗೇರಿನಲ್ಲಿ, ಎಳೆತ ಕೊಟ್ಟು ಮೆಲ್ಲಗೆ ವೇಗ ಏರಿಸುತ್ತಾ ಹೋಗಿ. ವೇಗಕ್ಕೆ ಮೊಬೈಲಿನ ಜಿಪಿಎಸ್ ನೋಡಿ, ಮೀಟರ್ ನಂಬಬೇಡಿ.

ಸಪ್ಪಳ ಹಿಂದಿನ ಹೌಸಿಂಗಿನದ್ದಾದರೆ, ಅಥವಾ ಹಿಂದಿನ ಶಾಫ್ಟಿನದ್ದಾದರೆ, ಲೋನಲ್ಲೂ ಅದು 50ಕ್ಕೇ ಬರಬೇಕು. ಅವುಗಳಿಗೆ ಕೇಸಿನೊಳಗೆ ಹೈ ಇದೆಯೋ ಲೋ ಇದೆಯೋ ಗೊತ್ತಾಗುವುದಿಲ್ಲ, ಚಕ್ರ ಎಷ್ಟು ತಿರುಗಿತು ಅನ್ನುವುದಷ್ಟೇ ಗೊತ್ತು. ಗಿಡ್ಡ ಶಾಫ್ಟಿನದ್ದಾದರೆ 50ನ್ನು 1.409ರಿಂದ ಗುಣಿಸಿ 2.268ರಿಂದ ಭಾಗಿಸಿ. 31 ಬರುತ್ತದೆ. ಸಪ್ಪಳ 31ರ ಹತ್ತಿರ ಬರಬೇಕು.

ಎಂಜಿನ್ನೂ ಗೇರ್‌ಬಾಕ್ಸಿನ ಒಳಗಿನ ಗೇರುಗಳೂ ಯಾಕಾಗಬಾರದು ಎಂದು ಕೇಳಬಹುದು. ಅದನ್ನು ನೀವೇ ಮೊದಲು ಪರೀಕ್ಷೆ ಮಾಡಿಬಿಟ್ಟಿದ್ದೀರಿ. ಮೂರು ಗೇರಿನಲ್ಲೂ 50ಕ್ಕೇ ಬಂತು ಎಂದಿರಿ. ಅಂದರೆ ಸಪ್ಪಳ ಗೇರ್‌ಬಾಕ್ಸ್ ದಾಟಿದ ಮೇಲಿನದ್ದು. ಲೋನಲ್ಲಿ 31ಕ್ಕೆ ಇಳಿದರೆ ಟ್ರಾನ್ಸ್‌ಫರ್ ಕೇಸಿನ ಗೇರಿಗಿಂತ ಮೊದಲಿನದ್ದು. ನಡುವೆ ಉಳಿಯುವುದು ಏನು, ನೀವೇ ಹೇಳಿ.

ಬಾಗಲಕೋಟೆ ಬೊಲೆರೊ:

ಗುರುಗಳೇ, ಇದನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದರೆ ಗಣಿತದಲ್ಲಿ ಪಾಸಾಗುತ್ತಿದ್ದೆ.

ಖಾನಾಪುರ ಘಾಟ್:

ಲೆಕ್ಕ ಚೆನ್ನಾಗಿದೆ. ಆದರೆ ನಾನು ಕ್ರೌನ್ ಪಿನಿಯನ್ ಮೇಲೆ ಒಂದು ಗಡಿಗೆ ಕೊಲ್ಹಾರದ ಮೊಸರು ಕಟ್ಟುತ್ತೇನೆ.

ಟಿಕೋಟಾ ಜಿಪ್ಸಿ:

ಖಾನಾಪುರದವರೇ, ಮೊಸರು ರೆಡಿ ಇಡಿ.

ಬೆಳಿಗ್ಗೆ ಅಥಣಿ ರಸ್ತೆಯಲ್ಲಿ ಟ್ರಾಫಿಕ್ ಇಲ್ಲದ ಹೊತ್ತಿಗೆ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋದೆ. ಅವನ ಕೈಯಲ್ಲಿ ಜಿಪಿಎಸ್. ಮೊದಲು ಟೂ ಹೈನಲ್ಲಿ ಎಂದಿನಂತೆ 50ಕ್ಕೆ ಗುಂಯ್. ನಿಲ್ಲಿಸಿ, ಹಬ್ ನೋಡಿ, ಫೋರ್ ಲೋ ಹಾಕಿ, ಐದನೇ ಗೇರಿನಲ್ಲಿ ಎಳೆದೆ. 28, 29 ಎಂದು ತಮ್ಮ ಓದುತ್ತಿದ್ದ. 30 ಎನ್ನುವಷ್ಟರಲ್ಲಿ ಲಿವರ್ ನಡುಗಲು ಶುರು. 31, 32ರಲ್ಲಿ ಪೂರ್ತಿ ಗಿರಣಿ. ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನಿಗೆ ಈ ಲೆಕ್ಕ ಏನೂ ಹೇಳಿರಲಿಲ್ಲ. "ಅಣ್ಣಾ, ಇಷ್ಟ್ ಮೆಲ್ಲಕ ಹೊಂಟ್ರೂ ಬರಾಕತ್ತಲ್ಲೋ, ಇನ್ನೂ ಕೆಟ್ಟೇತಿ" ಎಂದ.

ಮನೆಗೆ ಬಂದು ಇನ್ನೊಂದು ಮಾಡಿದೆ. ಹಳೇ ಮೊಬೈಲ್ ಒಂದನ್ನು ಕಾಲುಚೀಲದಲ್ಲಿ ಹಾಕಿ, ಕ್ಯಾಮೆರಾ ಜಾಗದಲ್ಲಿ ತೂತು ಮಾಡಿ, ಚಾಸಿಗೆ ಪ್ಲಾಸ್ಟಿಕ್ ಟೈನಿಂದ ಬಿಗಿದೆ, ಟ್ರಾನ್ಸ್‌ಫರ್ ಕೇಸ್ ಕಡೆ ಮುಖ ಮಾಡಿ. ತೋಟದ ದಾರಿಯಲ್ಲಿ ಎರಡನೇ ಗೇರಿನಲ್ಲಿ ಎಳೆಯುವುದು, ಬಿಡುವುದು, ಎಳೆಯುವುದು. ವಿಡಿಯೋ ನೋಡಿದರೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎಳೆದಾಗಲೆಲ್ಲ ಕೇಸು ಒಂದು ಬದಿ ಧಡ್ ಎಂದು ಎದ್ದು ನಿಲ್ಲುತ್ತದೆ. ಬಿಟ್ಟರೆ ಕೂರುತ್ತದೆ. ಆ "ಧಡ್" ಇದೇ.

ನಾಳೆ ಗಿಡ್ಡ ಶಾಫ್ಟ್ ಇಳಿಸುತ್ತೇನೆ. ಬೆಳಗಾವಿ ಸರ್, ಏನಾದರೂ ಎಚ್ಚರಿಕೆ ಇದ್ದರೆ ಈಗಲೇ ಹೇಳಿ.

ಉದ್ಯಮಬಾಗ ಲೇಥ್:

ಮೊದಲ ಎಚ್ಚರಿಕೆ ಜೀವದ್ದು. ಗಿಡ್ಡ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿ ಹಾಕಿ ನಿಲ್ಲಿಸಿದ್ದೇನೆ ಎನ್ನುವ ಮಾತಿಗೆ ಅರ್ಥ ಇಲ್ಲ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೇ ಕೆಳಗೆ ಹೋಗಿ. ಗಾಡಿ ಮಲಗಿದವರ ಮೇಲೆ ಹೋದದ್ದನ್ನು ಕೇಳಿದ್ದೇನೆ.

ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿ, ಫ್ಲಾಂಜಿಗೂ ಶಾಫ್ಟಿಗೂ. ಹಾಕುವಾಗ ಅದೇ ಗುರುತಿಗೆ ಕೂರಿಸಿ. ಟ್ರಾನ್ಸ್‌ಫರ್ ಕಡೆ ಬೋಲ್ಟು, ಗೇರ್‌ಬಾಕ್ಸ್ ಕಡೆ ಅದು ಬಾಲದೊಳಗೆ ಸ್ಪ್ಲೈನ್ (ಉದ್ದುದ್ದ ಹಲ್ಲು) ಮೇಲೆ ಜಾರಿ ಕೂತಿರುತ್ತದೆ. ಎಳೆದ ತಕ್ಷಣ ಅಲ್ಲಿಂದ ಗೇರ್ ಆಯಿಲ್ ಸುರಿಯುತ್ತದೆ. ಡಬ್ಬಿ ಇಟ್ಟುಕೊಳ್ಳಿ, ಬಾಯಿ ಮುಚ್ಚಿಕೊಂಡು ಎಳೆಯಿರಿ. ಇದು ತಮಾಷೆ ಅಲ್ಲ, 90 ನಂಬರ್ ಆಯಿಲ್ ಬಾಯಿಗೆ ಬಿದ್ದರೆ ಊಟ ರುಚಿಸುವುದಿಲ್ಲ.

ಶಾಫ್ಟ್ ಕೈಗೆ ಬಂದ ಮೇಲೆ ಕ್ರಾಸ್ (ಶಾಫ್ಟ್ ತುದಿಯ ಕೀಲಿನಲ್ಲಿರುವ ನಾಲ್ಕು ಕಾಲಿನ ತುಂಡು) ಎರಡನ್ನೂ ಬೆರಳಲ್ಲಿ ಆಡಿಸಿ. ಅಲುಗಾಟ ಹುಡುಕಬೇಡಿ, ತಡೆ ಹುಡುಕಿ. ನಡುವಿನ ಜಾಗದಲ್ಲಿ ಕಟ್ ಎಂದು ಹಿಡಿದು ನಿಂತು, ದಾಟಿಸಿದರೆ ಸಡಿಲವಾಗುವಂತಿದ್ದರೆ ಅದು ಹೋಗಿದೆ. ಮತ್ತೆ ಮೌಂಟಿಂಗ್ ಮೂರೂ ನೋಡಿ. ಬರೀ ಕ್ರಾಸ್ ಹಾಕಿ ರಬ್ಬರ್ ಬಿಟ್ಟರೆ ಮತ್ತೆ ಬರುತ್ತೀರಿ.

ಟಿಕೋಟಾ ಜಿಪ್ಸಿ:

ಕೆಲಸ ಮುಗಿಯಿತು. ಸಿಕ್ಕಿದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಶಾಫ್ಟ್ ಇಳಿಸಿ ಮೊದಲು ಟ್ರಾನ್ಸ್‌ಫರ್ ಕಡೆಯ ಕ್ರಾಸ್ ಆಡಿಸಿದೆ. ಸರ್ ಹೇಳಿದ ಹಾಗೇ. ನಡುವೆ ಬಂದು ಕಟ್ ಎಂದು ನಿಲ್ಲುತ್ತದೆ. ಬಲ ಹಾಕಿದರೆ ದಾಟುತ್ತದೆ, ವಾಪಸ್ ತಂದರೆ ಮತ್ತೆ ಅಲ್ಲೇ ಕೂರುತ್ತದೆ. ಅಲುಗಾಟ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಸರ್ಕ್ಲಿಪ್ ತೆಗೆದು, ಬೆಂಚ್ ವೈಸಿನಲ್ಲಿ ಒಂದು ಸಣ್ಣ ಸಾಕೆಟ್ ಒಂದು ದೊಡ್ಡ ಸಾಕೆಟ್ ಇಟ್ಟು ಒತ್ತಿ ಕಪ್ ಹೊರಗೆ ತೆಗೆದೆ. ಒಳಗೆ ಗ್ರೀಸ್ ಇಲ್ಲ. ಕೆಂಪು ಪುಡಿ ಇದೆ, ಒಣಗಿದ್ದು, ಊದಿದರೆ ಹಾರುತ್ತದೆ. ಬಟ್ಟೆಯಿಂದ ಕ್ರಾಸಿನ ಕಾಲು ಒರೆಸಿ ಬಿಸಿಲಿಗೆ ಹಿಡಿದೆ. ಸೂಜಿ ಬೇರಿಂಗು ಕೂತಲ್ಲಿ ಒಂದೊಂದು ಸೂಜಿಗೂ ಒಂದೊಂದು ಗೆರೆ. ಸಾಲಾಗಿ, ಅಳತೆ ಮಾಡಿ ಕೊರೆದ ಹಾಗೆ. ಉಗುರು ಇಟ್ಟು ಎಳೆದರೆ ಕರಕರ ಎಂದು ಹತ್ತಿ ಇಳಿಯುತ್ತದೆ. ನಾಲ್ಕು ಕಾಲಿನಲ್ಲಿ ಎರಡು ಕಾಲಿಗೆ ಹೀಗಾಗಿದೆ, ಇನ್ನೆರಡು ಪರವಾಗಿಲ್ಲ. ಗೇರ್‌ಬಾಕ್ಸ್ ಕಡೆಯ ಕ್ರಾಸ್ ಕೂಡ ಪರವಾಗಿಲ್ಲ, ಆದರೂ ಎರಡನ್ನೂ ಬದಲಿಸಿದೆ. ಹೇಗೂ ಬಿಚ್ಚಿದ್ದಾಗಿದೆ.

ಗ್ರೀಸ್ ಹೊಡೆಯುವ ನಿಪ್ಪಲ್ ಇತ್ತು. ಆದರೆ ಅದರ ಮೇಲೆ ಎಣ್ಣೆ ಮತ್ತು ಎರೆ ಮಣ್ಣು ಸೇರಿ ಗಟ್ಟಿಯಾದ ಒಂದು ಉಂಡೆ. ವಾಟರ್ ಸರ್ವಿಸಿನ ನೀರಿಗೂ ಅದು ಜಗ್ಗಿಲ್ಲ, ಸ್ಕ್ರೂಡ್ರೈವರಿನಿಂದ ಕೆತ್ತಬೇಕಾಯಿತು. ಗ್ರೀಸ್ ಮಾಡಿದ್ದೇವೆ ಎಂದು ಬಿಲ್ಲು ಕೊಟ್ಟ ಗ್ಯಾರೇಜುಗಳು ಯಾವುದಕ್ಕೆ ಗ್ರೀಸ್ ಮಾಡಿದವೋ ದೇವರೇ ಬಲ್ಲ.

ಆ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿದರೆ ಪೂರ್ತಿ ಕಥೆ ಬಿಚ್ಚಿಕೊಂಡಿತು. ಗೇರ್‌ಬಾಕ್ಸಿನ ಬಾಲದ ಸೀಲ್ ಸೋರುತ್ತಿತ್ತು. ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಟ್ರಾನ್ಸ್‌ಫರ್ ಕೇಸಿನ ಒಂದು ಮೌಂಟಿಂಗ್ ಮೇಲೆ ಕೂತು ಕೂತು ಆ ರಬ್ಬರ್ ಊದಿ ಮೆತ್ತಗಾಗಿದೆ. ಕೊನೆಗೆ ಕಬ್ಬಿಣದ ತಗಡಿನಿಂದ ಕಿತ್ತು ಬಂದಿದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಕೇಸಿನ ಭಾರಕ್ಕೆ ಒತ್ತಿ ಕೂತಿರುತ್ತದೆ. ಕೆಳಗೆ ಸಬ್ಬಲ್ ಕೊಟ್ಟು ಮೆಲ್ಲಗೆ ಎತ್ತಿದಾಗ ಬಾಯಿ ಬಿಟ್ಟಿತು. ಮಿಕ್ಕ ಎರಡು ಕಲ್ಲಾಗಿದ್ದವು. ಮೂರೂ ಹೊಸದು ಹಾಕಿದೆ, ಸೀಲೂ ಹೊಸದು, ಚೆಲ್ಲಿದಷ್ಟು ಗೇರ್ ಆಯಿಲ್ ಮತ್ತೆ ತುಂಬಿದೆ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಕೂಡ ಬದಲಿಸಿದೆ. ಅದಕ್ಕೆ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ, ಸ್ವಲ್ಪ ಸೋರಿದರೂ ಒಳಗೆ ಬರಿದು. ಮುಂದಿನ ಹಬ್ಬದವರೆಗೆ ಮುಟ್ಟುವುದಿಲ್ಲ ಎಂದು ಅಂಗಡಿಯವನಿಗೆ ಹೇಳಿದ್ದೇನೆ.

ಓಡಿಸಿ ನೋಡಿದೆ. 45, 50, 55, ಏನೂ ಇಲ್ಲ. ಧಡ್ ಇಲ್ಲ. ಲಿವರ್ ಸುಮ್ಮನೆ ನಿಂತಿದೆ. ಟ್ರಾನ್ಸ್‌ಫರ್ ಗೇರಿನ ಸಣ್ಣ ಕೂಗು ಇದೆ, ಅದು ಗಾಡಿ ತಂದ ದಿನದಿಂದಲೂ ಇದ್ದದ್ದು, ಅದರ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಪ್ರಶ್ನೆ ಉಳಿದಿದೆ. ನಾಲ್ಕು ಕಾಲಿನಲ್ಲಿ ಎರಡೇ ಯಾಕೆ ಹಾಳಾದವು? ಗ್ರೀಸ್ ಇಲ್ಲದ್ದು ನಾಲ್ಕಕ್ಕೂ ಇಲ್ಲ ತಾನೆ?

ಉದ್ಯಮಬಾಗ ಲೇಥ್:

ಕ್ರಾಸಿನ ಎರಡು ಕಾಲು ಒಂದು ಯೋಕಿನಲ್ಲಿ (ಕ್ರಾಸ್ ಹಿಡಿಯುವ ಕವೆ), ಇನ್ನೆರಡು ಇನ್ನೊಂದರಲ್ಲಿ. ನಿಪ್ಪಲಿನಿಂದ ಗ್ರೀಸ್ ನಾಲ್ಕಕ್ಕೂ ಸಮನಾಗಿ ಹೋಗುವುದು ಪುಸ್ತಕದಲ್ಲಿ. ಹಳೇ ಗ್ರೀಸ್ ಗಟ್ಟಿಯಾದರೆ ಯಾವ ದಾರಿ ಸಲೀಸೋ ಅದಕ್ಕೆ ಹೋಗುತ್ತದೆ, ಮಿಕ್ಕದ್ದು ಒಣಗುತ್ತದೆ. ಅದಕ್ಕೇ ಗನ್ ಹೊಡೆಯುವಾಗ ನಾಲ್ಕೂ ಕಪ್ಪಿನ ಬಾಯಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಬೇಕು. ಒಂದು ಕಡೆ ಬಂತು ಎಂದು ನಿಲ್ಲಿಸಿದರೆ ಇದೇ ಗತಿ.

ಗೆರೆ ಬೀಳುವುದಕ್ಕೆ ಇನ್ನೊಂದು ಕಾರಣ ಇದೆ, ಕೇಳಿದರೆ ಉಲ್ಟಾ ಅನ್ನಿಸುತ್ತದೆ. ಗಿಡ್ಡ ಶಾಫ್ಟ್ ಬಹುತೇಕ ನೇರ ಇರುತ್ತದೆ. ನೇರ ಇದ್ದರೆ ಒಳ್ಳೆಯದು ಎಂದು ಎಲ್ಲರ ಲೆಕ್ಕ. ಆದರೆ ಸ್ವಲ್ಪ ಕೋನ ಇದ್ದರೆ ತಾನೇ ಕ್ರಾಸ್ ಆಡುವುದು, ಸೂಜಿಗಳು ಹೊರಳುವುದು? ನೇರ ಶಾಫ್ಟಿನಲ್ಲಿ ಸೂಜಿ ಹೊರಳದೆ ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತಾ ಕೂರುತ್ತದೆ. ಗೆರೆ ಬೀಳುವುದು ಹಾಗೆ. ಆಮೇಲೆ ನಿಮ್ಮ ರಬ್ಬರ್ ಕಿತ್ತು ಎಳೆತದಲ್ಲಿ ಕೋನ ಏರಿದಾಗ ಸೂಜಿಗಳು ಆ ಗೆರೆಗಳನ್ನು ಹತ್ತಿ ಇಳಿಯಲು ಶುರು ಮಾಡಿದವು. ನಿಮ್ಮ ಗರಗರ ಅದು. ಗುಂಯ್ ಅನ್ನುವುದು ಕೋನದ್ದು, ಕೋನ ಇರುವ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಜಗ್ಗುತ್ತದೆ. ಅದಕ್ಕೇ ಅಷ್ಟು ದಪ್ಪ ದನಿ.

ಮೌಂಟಿಂಗ್ ರಬ್ಬರಿನದ್ದೇ ಹಾಕಿದ್ದೀರಾ? ಈಗ ಬಣ್ಣ ಬಣ್ಣದ ಗಟ್ಟಿ ಪಾಲಿಯುರಿಥೇನ್ ಬುಷ್ ಬರುತ್ತವೆ. ಬಂಡೆ ಹತ್ತುವ ಹುಡುಗರಿಗೆ ಸರಿ. ಮನೆಯವರನ್ನು ಕೂರಿಸಿಕೊಂಡು ಹೋಗುವವರಿಗೆ ನಾನು ಹೇಳುವುದಿಲ್ಲ, ಟ್ರಾನ್ಸ್‌ಫರ್ ಗೇರಿನ ಕೂಗು ಪೂರ್ತಿ ಕ್ಯಾಬಿನ್ನಿಗೆ ಬರುತ್ತದೆ.

ಟಿಕೋಟಾ ಜಿಪ್ಸಿ:

ರಬ್ಬರಿನದ್ದೇ ಸರ್. ಈಗಷ್ಟೇ ಮನೆಯಾಕೆ ಗಾಡಿ ಹತ್ತಲು ಒಪ್ಪಿದ್ದಾಳೆ.

ಖಾನಾಪುರ ಘಾಟ್:

ಸೋತೆ. ಮೊಸರು ಕೊಲ್ಹಾರದ್ದೇ, ಆದರೆ ನೀವೇ ಆ ಸೇತುವೆ ದಾಟುವವರು, ನೀವೇ ಕೊಂಡುಕೊಳ್ಳಿ, ದುಡ್ಡು ಕಳಿಸುತ್ತೇನೆ. ಖಾನಾಪುರಕ್ಕೆ ಬಂದರೆ ಕುಂದಾ ನನ್ನ ಲೆಕ್ಕ.

ಬಾಗಲಕೋಟೆ ಬೊಲೆರೊ:

ಬೆಳಗಾವಿ ಸರ್, ನನ್ನದು 2007ರ ಬೊಲೆರೊ ಫೋರ್ ಬೈ ಫೋರ್. ಟೈರ್ ಬದಲಿಸಿದ ಮೇಲೂ 70ರಲ್ಲಿ ಒಂದು ಸಣ್ಣ ನಡುಕ ಇದೆ. ಈ ಲೋ ರೇಂಜ್ ಲೆಕ್ಕ ನನ್ನ ಗಾಡಿಗೂ ನಡೆಯುತ್ತದಾ?

ಉದ್ಯಮಬಾಗ ಲೇಥ್:

ನಿಮ್ಮದರಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿದೆ. ಗಿಡ್ಡ ಶಾಫ್ಟೇ ಇಲ್ಲ, ಹಾಗಾಗಿ ಹುಡುಕುವ ಪ್ರಶ್ನೆಯೂ ಇಲ್ಲ. ಮತ್ತೆ ಮುಂದಿನ ಹಬ್ ಕೈಯಿಂದ ಫ್ರೀ ಮಾಡುವಂಥದ್ದಲ್ಲದಿದ್ದರೆ ಡಾಂಬರ್ ಮೇಲೆ ಫೋರ್ ಲೋ ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೋಗುವ ದಾರಿ ಉದ್ದ, ಹಿಂದಿನದ್ದು ಗಿಡ್ಡ. ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಆ ವ್ಯತ್ಯಾಸ ಶಾಫ್ಟ್ ಮತ್ತು ಗೇರುಗಳ ಮೇಲೆ ಬಿಗಿಯುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಸಡಿಲವಾಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಏನಾದರೂ ಮುರಿಯುತ್ತದೆ.

ನೀವು ಹಿಂದಿನ ಶಾಫ್ಟಿನಿಂದ ಶುರು ಮಾಡಿ. ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಯಾರಾದರೂ ಕ್ರಾಸ್ ಬದಲಿಸುವಾಗ ಸ್ಪ್ಲೈನ್ ಎಳೆದು ಒಂದು ಹಲ್ಲು ಆಚೀಚೆ ಕೂರಿಸಿದ್ದರೆ ಇಂಥದ್ದೇ ನಡುಕ ಬರುತ್ತದೆ. ಸಾಲು ಸರಿ ಇದ್ದರೆ ಶಾಫ್ಟ್ ಮೇಲೆ ಬ್ಯಾಲೆನ್ಸಿಗೆ ವೆಲ್ಡ್ ಮಾಡಿದ ಸಣ್ಣ ಪಟ್ಟಿ ಇದೆಯೋ, ಕಿತ್ತು ಹೋದ ಗುರುತು ಇದೆಯೋ ಹುಡುಕಿ. ಕಿತ್ತು ಹೋಗಿದ್ದರೆ ಶಾಫ್ಟ್ ಇಳಿಸಿ ಬ್ಯಾಲೆನ್ಸಿಂಗಿಗೆ ಕೊಡಿ, ತುದಿಗಳಿಗೆ ಪೇಂಟ್ ಗುರುತು ಹಾಕಿ.